ದೊಡ್ಡವರಾದ ಮೇಲೆ ಹೊರಗೆ ತಿರುಗುವ ಕಣ್ಣಿಗೆ ಆಪರೇಷನ್: ಫಲಿತಾಂಶ ನಿಜಕ್ಕೂ ಹೇಗಿರುತ್ತದೆ?

ಮುಂಗಾರು_ಮೋಡ:

ಎಲ್ಲರಿಗೂ ನಮಸ್ಕಾರ. ನನಗೀಗ 27. ಎಡಗಣ್ಣು ಚಿಕ್ಕಂದಿನಿಂದಲೂ ಆಗಾಗ ಹೊರಗಡೆಗೆ, ಕಿವಿಯ ಕಡೆಗೆ ಜಾರುತ್ತಿತ್ತು. ಶಾಲೆಯಲ್ಲಿದ್ದಾಗ ಸುಸ್ತಾದರೆ, ಜ್ವರ ಬಂದರೆ, ಬಿಸಿಲಿಗೆ ಹೋದರೆ ಮಾತ್ರ ಗೊತ್ತಾಗುತ್ತಿತ್ತು. ಬಿಸಿಲಲ್ಲಿ ಒಂದು ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದೆ. ಈಗ ಕೆಲವು ವರ್ಷಗಳಿಂದ ದಿನದ ಬಹುಪಾಲು ಹೊತ್ತು ಹೊರಗೇ ನಿಂತಿರುತ್ತದೆ. ಮೀಟಿಂಗಿನಲ್ಲಿ ಒಬ್ಬರನ್ನು ನೋಡಿ ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಕೂತವರು ಉತ್ತರ ಕೊಡುತ್ತಾರೆ. ಫೋಟೋ ಅಂದರೆ ತಲೆ ತಗ್ಗಿಸಿಬಿಡುತ್ತೇನೆ.

ಡಾಕ್ಟರು ಅಳತೆ ತೆಗೆದು ದೂರಕ್ಕೆ 35 ಪ್ರಿಸಂ, ಹತ್ತಿರಕ್ಕೆ 30 ಅಂದರು. ಕನ್ನಡಕ ಹಾಕಿದರೆ ಎರಡೂ ಕಣ್ಣಿನ ದೃಷ್ಟಿ ಚೆನ್ನಾಗಿದೆ. ಆಪರೇಷನ್ ಮಾಡಬಹುದು, ಅವಸರವಿಲ್ಲ, ಯೋಚಿಸಿ ಬನ್ನಿ ಅಂತ ಕಳಿಸಿದ್ದಾರೆ. ಯೋಚಿಸಿದಷ್ಟೂ ಗೊಂದಲ. ಈ ವಯಸ್ಸಿನಲ್ಲಿ ಮಾಡಿಸಿದರೆ ಕಣ್ಣು ನೆಟ್ಟಗೆ ನಿಲ್ಲುತ್ತದೆಯೇ? ಎಲ್ಲ ಎರಡೆರಡಾಗಿ ಕಾಣುತ್ತದೆ ಅಂತ ಹೆದರಿಸುತ್ತಾರಲ್ಲ, ಅದೆಷ್ಟು ನಿಜ? ಕೆಲವು ವರ್ಷಕ್ಕೆ ಮತ್ತೆ ಹೊರಗೆ ಹೋದರೆ? ಮನೆಯಲ್ಲಂತೂ "ಕಣ್ಣು ಕಾಣ್ತಿದೆಯಲ್ಲ, ಬರೀ ಚಂದಕ್ಕೆ ಯಾಕೆ ಕತ್ತರಿ ಹಾಕಿಸ್ಕೋತೀಯ" ಅನ್ನುತ್ತಿದ್ದಾರೆ. ಮಾಡಿಸಿಕೊಂಡವರು, ಈ ವಿಷಯ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಕಡಲಂಚು:

ನಾನು ಮೂವತ್ತು ದಾಟಿದ ಮೇಲೆ ಮಾಡಿಸಿಕೊಂಡವಳು. ಮಾಡಿಸಿ ಕೆಲವು ವರ್ಷಗಳೇ ಆದವು, ಹಾಗಾಗಿ ಮೊದಲ ವಾರದ ಖುಷಿಯಲ್ಲಿ ಬರೆಯುತ್ತಿಲ್ಲ.

ಎಚ್ಚರವಾದಾಗ ಕಣ್ಣು ಕೆಂಡದ ಹಾಗೆ ಕೆಂಪು. ಒಳಗೆ ಮರಳು ಬಿದ್ದಂತೆ ಚುಚ್ಚು. ಅಕ್ಕಪಕ್ಕ ನೋಡಿದರೆ ಎಳೆದಂತೆ ನೋವು. ಎರಡು ಚಿತ್ರ ಕಂಡದ್ದೂ ನಿಜ. ದೂರದ ದೀಪ, ಬಾಗಿಲ ಚೌಕಟ್ಟು ಜೋಡಿ ಜೋಡಿಯಾಗಿ ಕಾಣುತ್ತಿದ್ದವು, ಕಣ್ಣು ಸ್ವಲ್ಪ ಒಳಗಡೆಗೇ ತಿರುಗಿದಂತಿತ್ತು. ಡಾಕ್ಟರು ಇದನ್ನು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ದಿನ ಕಳೆದಂತೆ ಎರಡೂ ಚಿತ್ರ ಹತ್ತಿರ ಬಂದು ಒಂದಾದವು. ಕೆಂಪು ಇಳಿಯಲು ಇನ್ನೂ ಹೆಚ್ಚು ಸಮಯ ಹಿಡಿಯಿತು.

ಈಗ ಹಗಲಿಡೀ ಕಣ್ಣು ನೆಟ್ಟಗಿರುತ್ತದೆ. ರಾತ್ರಿ ಬಹಳ ದಣಿದಾಗ ಒಂದಿಷ್ಟು ಹೊರಗೆ ಜಾರುವುದು ನನಗೆ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗುವುದಿಲ್ಲ. ಇದು ನನಗೆ ಪೂರ್ತಿ ಸಾಕು. ಓದುವಾಗ ಬರುತ್ತಿದ್ದ ತಲೆನೋವು ಹೋಯಿತು. ಕಣ್ಣನ್ನು ಒಳಗೆ ಹಿಡಿದಿಟ್ಟುಕೊಳ್ಳಲು ನಾನೆಷ್ಟು ಶ್ರಮ ಹಾಕುತ್ತಿದ್ದೆ ಅನ್ನುವುದು ಆ ಶ್ರಮ ನಿಂತ ಮೇಲೆಯೇ ಅರ್ಥವಾಯಿತು.

ಯಾರೂ ಮೊದಲೇ ಹೇಳದಿದ್ದ ಒಂದು ಸಂಗತಿ ಇದೆ. ಬದಿಯ ನೋಟ ಸ್ವಲ್ಪ ಕಿರಿದಾದಂತೆ ಅನಿಸಿತು. ಮೊದಲು ಎಡಗಡೆಯಿಂದ ಬರುವವರು ತಲೆ ತಿರುಗಿಸದೆಯೇ ಕಾಣುತ್ತಿದ್ದರು, ಆಮೇಲೆ ತಿರುಗಿ ನೋಡಬೇಕಾಯಿತು.

ಅಳತೆಪಟ್ಟಿ:

ಕಡಲಂಚು ಅವರು ಹೇಳಿದ ಬದಿಯ ನೋಟದ ಮಾತು ಸರಿ. ಕಣ್ಣು ಹೊರಗೆ ನಿಂತಿದ್ದಾಗ ಎರಡೂ ಕಣ್ಣು ಸೇರಿ ನೋಡುವ ವ್ಯಾಪ್ತಿ ಮಾಮೂಲಿಗಿಂತ ಅಗಲವಾಗಿರುತ್ತದೆ. ನೆಟ್ಟಗೆ ಬಂದ ಮೇಲೆ ಅದು ಎಲ್ಲರಿಗಿರುವಷ್ಟೇ ಆಗುತ್ತದೆ. ಕಳೆದುಕೊಂಡಂತೆ ಅನಿಸುವುದು ಸಹಜ, ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ.

ನಾನು ಸ್ಕ್ವಿಂಟ್, ಅಂದರೆ ಮೆಳ್ಳೆಗಣ್ಣಿನ, ಕ್ಲಿನಿಕ್ಕಿನಲ್ಲಿ ಕಣ್ಣಿನ ಅಳತೆ ತೆಗೆಯುವ ಕೆಲಸದಲ್ಲಿದ್ದೇನೆ. ಆಪರೇಷನ್ ಮಾಡುವವನಲ್ಲ, ಆದರೆ ಮುಂಚೆ ಮತ್ತು ಆಮೇಲೆ ರೋಗಿಗಳ ಜೊತೆ ಹೆಚ್ಚು ಹೊತ್ತು ಕೂರುವವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮುಂಗಾರು_ಮೋಡ ಅವರೇ, ಮೊದಲು ಆ 35 ಏನೆಂದು ತಿಳಿಯಿರಿ. ಪ್ರಿಸಂ ಅಂದರೆ ಬೆಳಕನ್ನು ಬಾಗಿಸುವ ಗಾಜು. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರ್ ಸರಿಸುವ ಪ್ರಿಸಂಗೆ ಒಂದು ಪ್ರಿಸಂ ಡಯಾಪ್ಟರ್ ಅನ್ನುತ್ತೇವೆ. 35 ಅಂದರೆ ಸುಮಾರು 19 ಡಿಗ್ರಿ. ಯಾರಿಗಾದರೂ ಕಾಣುವಷ್ಟು ದೊಡ್ಡದು. 10ರೊಳಗಿದ್ದರೆ ಎದುರಿಗೆ ಕೂತವರ ಗಮನಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಹೆಚ್ಚಿನ ಅಧ್ಯಯನಗಳು ಈ 10ನ್ನೇ ಗೆರೆಯಾಗಿ ಇಟ್ಟುಕೊಂಡು, ಅದರೊಳಗೆ ಬಂದರೆ ಯಶಸ್ಸು ಅಂತ ಎಣಿಸುತ್ತವೆ. ಆದ್ದರಿಂದ "ನೂರಕ್ಕೆ 80 ಯಶಸ್ಸು" ಅಂತ ಯಾರಾದರೂ ಹೇಳಿದರೆ ಎರಡು ಮಾತು ಕೇಳಿ. ಯಾವ ಗೆರೆಯೊಳಗೆ? ಆಪರೇಷನ್ ಆಗಿ ಎಷ್ಟು ದಿನಕ್ಕೆ ಅಳೆದದ್ದು? ಆರು ವಾರಕ್ಕೆ ತೆಗೆದ ಅಳತೆಯೂ ಐದು ವರ್ಷಕ್ಕೆ ತೆಗೆದ ಅಳತೆಯೂ ಒಂದೇ ಅಲ್ಲ. ಹೊರಗೆ ತಿರುಗುವ ಕಣ್ಣಿಗೆ ಮತ್ತೆ ಹೊರಗಡೆಗೇ ನಿಧಾನವಾಗಿ ಸರಿಯುವ ಸ್ವಭಾವವಿದೆ. ಒಂದೇ ಆಪರೇಷನ್ನಿನಲ್ಲಿ ಗೆರೆಯೊಳಗೆ ಬಂದವರ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ ನೂರಕ್ಕೆ 50ರಿಂದ 80ರವರೆಗೂ ಇರುವುದು ಈ ಎರಡು ಕಾರಣಕ್ಕೇ.

ಈ ಸ್ವಭಾವ ಗೊತ್ತಿರುವುದರಿಂದಲೇ ಅನೇಕ ಸರ್ಜನ್ನರು ಮೊದಲ ದಿನಗಳಲ್ಲಿ ಕಣ್ಣು ಒಂಚೂರು ಒಳಗಿರಲಿ ಅಂತ ಬೇಕೆಂದೇ ಮಾಡುತ್ತಾರೆ. ಕಡಲಂಚು ಅವರಿಗೆ ಮೊದಲು ಎರಡಾಗಿ ಕಂಡದ್ದು ಇದರಿಂದಲೇ ಇರಬೇಕು.

ಇನ್ನು ಆಪರೇಷನ್ ಬಗ್ಗೆ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಮತ್ತೆ ಕೂರಿಸುತ್ತಾರೆ ಅಂತ ನಂಬಿಕೊಂಡು ಬರುವವರು ಈಗಲೂ ಇದ್ದಾರೆ. ಅಂಥದ್ದೇನೂ ಇಲ್ಲ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಬಿಡಿಸಿ, ಲ್ಯಾಟರಲ್ ರೆಕ್ಟಸ್ ಎಂಬ ಹೊರಬದಿಯ ಸ್ನಾಯುವನ್ನು ಅದು ಅಂಟಿದ ಜಾಗದಿಂದ ಬಿಡಿಸಿ, ಇನ್ನಷ್ಟು ಹಿಂದೆ ಹೊಲಿಯುತ್ತಾರೆ. ಎಳೆತ ಸಡಿಲವಾಗುತ್ತದೆ. ಇದನ್ನು ಎರಡೂ ಕಣ್ಣಿಗೆ ಮಾಡುವುದು ಒಂದು ದಾರಿ. ಒಂದೇ ಕಣ್ಣಿನಲ್ಲಿ ಹೊರಸ್ನಾಯುವನ್ನು ಸಡಿಲಿಸಿ, ಮೀಡಿಯಲ್ ರೆಕ್ಟಸ್ ಎಂಬ ಒಳಬದಿಯ ಸ್ನಾಯುವಿನ ಒಂದು ತುಂಡು ತೆಗೆದು ಬಿಗಿಮಾಡುವುದು ಇನ್ನೊಂದು ದಾರಿ. ನಿಮ್ಮ 35ಕ್ಕೆ ಮೊದಲ ದಾರಿಯಲ್ಲಾದರೆ ಪ್ರತಿ ಕಣ್ಣಿನಲ್ಲೂ ಸುಮಾರು 7.5 ಮಿಲಿಮೀಟರ್ ಹಿಂದೆ ಸರಿಸುವುದು ಸಾಮಾನ್ಯ ಲೆಕ್ಕ. ಅರ್ಧ ಮಿಲಿಮೀಟರಿಗೂ ಬೆಲೆಯಿರುವ ಕೆಲಸ ಇದು. ಮೇಲಾಗಿ ಒಬ್ಬೊಬ್ಬರ ಸ್ನಾಯು ಒಂದೊಂದು ರೀತಿ ಮಾಗುತ್ತದೆ. ಲೆಕ್ಕ ಸರಿಯಿದ್ದೂ ಫಲಿತಾಂಶ ಹೆಚ್ಚುಕಡಿಮೆ ಆಗುವುದಕ್ಕೆ ಇದೇ ಕಾರಣ.

ಎರಡು ಚಿತ್ರದ ಭಯಕ್ಕೆ ಬರೋಣ. ಚಿಕ್ಕಂದಿನಿಂದ ಕಣ್ಣು ಹೊರಗೆ ಹೋಗುತ್ತಿದ್ದರೆ, ಹೊರಗೆ ಹೋದ ಹೊತ್ತಿನಲ್ಲಿ ಆ ಕಣ್ಣಿನ ಚಿತ್ರವನ್ನು ಮಿದುಳು ಅಳಿಸಿಹಾಕುವುದನ್ನು ಕಲಿತಿರುತ್ತದೆ. ಕಣ್ಣಿನ ಜಾಗ ಬದಲಾದಾಗ ಆ ಏರ್ಪಾಡು ಕದಡಿ ಕೆಲವರಿಗೆ ಎರಡು ಕಾಣುತ್ತದೆ. ಇದನ್ನು ಮೊದಲೇ ಅಂದಾಜು ಮಾಡಬಹುದು. ಕಣ್ಣಿನ ಮುಂದೆ ಪ್ರಿಸಂ ಹಿಡಿದು, ಆಪರೇಷನ್ ಆದ ಮೇಲೆ ಕಣ್ಣು ಎಲ್ಲಿರುತ್ತದೋ ಅಲ್ಲಿಗೆ ನೋಟವನ್ನು ತಂದು, "ಒಂದು ಕಾಣ್ತಿದೆಯಾ, ಎರಡಾ" ಅಂತ ಕೇಳುತ್ತೇವೆ. ಅಮೆರಿಕದ ಸರ್ಜನ್ ಬರ್ಟನ್ ಕುಷ್ನರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 400ಕ್ಕೂ ಹೆಚ್ಚು ವಯಸ್ಕರಿದ್ದರು. ತಾತ್ಕಾಲಿಕವಾಗಿ ಎರಡು ಕಂಡವರು ನೂರಕ್ಕೆ ಸುಮಾರು 9. ಅದು ಹೋಗದೆ ಉಳಿದುಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಪ್ರಿಸಂ ಪರೀಕ್ಷೆಯಲ್ಲಿ ಅಪಾಯ ಇದೆ ಅಂತ ಕಂಡವರಲ್ಲೂ ಹೆಚ್ಚಿನವರಿಗೆ ಆಮೇಲೆ ತೊಂದರೆಯಾಗಲಿಲ್ಲ. ಈ ಪರೀಕ್ಷೆ ಮಾಡಿಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಹದಿನೈದರ_ಅಮ್ಮ:

ಸರ್, ನನ್ನ ಮಗನಿಗೆ 15. ಅವನದೂ ಹೊರಗೆ ಹೋಗುವುದೇ, ಆದರೆ ಕರೆದರೆ ಕಣ್ಣು ಮಿಟುಕಿಸಿ ನೆಟ್ಟಗೆ ಮಾಡಿಕೊಳ್ಳುತ್ತಾನೆ. ಒಬ್ಬ ಡಾಕ್ಟರು ಈಗಲೇ ಮಾಡಿಸಿ ಅಂದರು, ಇನ್ನೊಬ್ಬರು ಆರು ತಿಂಗಳು ನೋಡೋಣ ಅಂದರು. ಚಿಕ್ಕವನಿದ್ದಾಗಲೇ ಮಾಡಿಸಬೇಕಿತ್ತು, ಈಗ ತಡವಾಯಿತು ಅಂತ ಬೇರೆ ನೆಂಟರು ಹೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಅಳತೆಪಟ್ಟಿ:

ಮೇಡಂ, ತಡವಾಗಿಲ್ಲ. ಹುಟ್ಟಿನ ಆಸುಪಾಸಿನಲ್ಲೇ ಒಳಗೆ ತಿರುಗುವ ಕಣ್ಣಿಗೆ ಬೇಗ ಮಾಡಬೇಕು ಅನ್ನುವ ಮಾತಿದೆ. ಅದನ್ನು ಎಲ್ಲ ಬಗೆಯ ಮೆಳ್ಳೆಗಣ್ಣಿಗೂ ಜನ ಹಚ್ಚಿಬಿಡುತ್ತಾರೆ. ಬಿಟ್ಟುಬಿಟ್ಟು ಹೊರಗೆ ಹೋಗುವ ಕಣ್ಣಿನ ವಿಷಯ ಬೇರೆ. ನಿಮ್ಮ ಮಗ ಮಿಟುಕಿಸಿ ಕಣ್ಣನ್ನು ಒಳಗೆ ತಂದುಕೊಳ್ಳುತ್ತಾನೆ ಅಂದರೆ ಎರಡೂ ಕಣ್ಣನ್ನು ಜೋಡಿಸುವ ಶಕ್ತಿ ಅವನಲ್ಲಿದೆ. ಆ ಶಕ್ತಿ ಇರುವವರಲ್ಲಿ ಆಪರೇಷನ್ ಆದ ಮೇಲೂ ಕಣ್ಣು ನಿಲ್ಲುವ ಸಾಧ್ಯತೆ ಹೆಚ್ಚು.

ಹಾಗಾದರೆ ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದ್ದೇಕೆ? ಇಬ್ಬರೂ ತಪ್ಪಲ್ಲದಿರಬಹುದು. ನೋಡಬೇಕಾದದ್ದು ಹಿಡಿತ. ದಿನದಲ್ಲಿ ಎಷ್ಟು ಹೊತ್ತು ಹೊರಗಿರುತ್ತದೆ, ಹೋದ ಕಣ್ಣು ತಾನಾಗಿ ವಾಪಸು ಬರುತ್ತದೋ ಅಥವಾ ಮಿಟುಕಿಸಬೇಕೋ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯೋ, ಎರಡೂ ಕಣ್ಣು ಸೇರಿ ಆಳ ಗ್ರಹಿಸುವ ಶಕ್ತಿ ಕುಗ್ಗುತ್ತಿದೆಯೋ. ಇದಕ್ಕೆ ಅಂಕ ಕೊಡುವ ಪದ್ಧತಿಗಳೇ ಇವೆ. ಒಂದು ಭೇಟಿಯಲ್ಲಿ ಹಿಡಿತ ಚೆನ್ನಾಗಿಯೂ ಇನ್ನೊಂದರಲ್ಲಿ ಕೆಟ್ಟದಾಗಿಯೂ ಕಾಣುವುದು ಈ ತೊಂದರೆಯ ಗುಣ. ಮನೆಯಲ್ಲಿ ನೀವು ಕಂಡದ್ದನ್ನು ಬರೆದಿಟ್ಟು ತೋರಿಸಿ, ಅದಕ್ಕೆ ತುಂಬಾ ಬೆಲೆಯಿದೆ.

ಫಲಿತಾಂಶದ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಹೇಳುತ್ತೇನೆ. ಅದು 3ರಿಂದ 10 ವರ್ಷದ ಮಕ್ಕಳದ್ದು, ನಿಮ್ಮ ಮಗನ ವಯಸ್ಸಿನದ್ದಲ್ಲ. ಆದರೂ ಕಲಿಯುವುದಿದೆ. ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧನಾ ಗುಂಪು 197 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಎರಡೂ ಕಣ್ಣಿನ ಹೊರಸ್ನಾಯು ಸಡಿಲಿಸಿತು, ಇನ್ನೊಂದಕ್ಕೆ ಒಂದೇ ಕಣ್ಣಿನಲ್ಲಿ ಸಡಿಲಿಸಿ ಬಿಗಿಮಾಡಿತು. 2019ರಲ್ಲಿ ವರದಿ ಬಂತು. ಮೂರು ವರ್ಷದೊಳಗೆ ಫಲಿತಾಂಶ ಸಾಲದು ಅನ್ನುವ ಪಟ್ಟಿಗೆ ಸೇರಿದವರು ಮೊದಲ ಪಾಲಿನಲ್ಲಿ ನೂರಕ್ಕೆ 46, ಎರಡನೆಯದರಲ್ಲಿ 37. ಎರಡು ವಿಧಾನಗಳ ನಡುವೆ ಖಚಿತ ವ್ಯತ್ಯಾಸವಿದೆ ಎನ್ನಲು ಅಷ್ಟು ಅಂತರ ಸಾಲಲಿಲ್ಲ.

ಈ ಅಂಕಿ ನೋಡಿ ಎದೆ ಧಸಕ್ ಅನ್ನಬಹುದು, ಆದರೆ ಅಲ್ಲಿಗೇ ನಿಲ್ಲಬೇಡಿ. ಅದೇ ಮೂರು ವರ್ಷದಲ್ಲಿ ಎರಡನೇ ಆಪರೇಷನ್ ಮಾಡಿಸಿದವರು ನೂರಕ್ಕೆ 10 ಮತ್ತು 5 ಮಾತ್ರ. ಅಂದರೆ ಕಟ್ಟುನಿಟ್ಟಿನ ಅಳತೆಯಲ್ಲಿ ಸಾಲದು ಅನಿಸಿಕೊಂಡ ಬಹಳ ಮಕ್ಕಳಿಗೆ ಮತ್ತೆ ಟೇಬಲ್ ಹತ್ತಬೇಕಾಗುವಷ್ಟು ತೊಂದರೆ ಇರಲಿಲ್ಲ. ಆಪರೇಷನ್ ಸೋತಿತೋ ಗೆದ್ದಿತೋ ಎಂದು ಕೇಳುವಾಗ ಪ್ರಿಸಂ ಅಳತೆಯ ಜೊತೆಗೆ ಹಿಡಿತ ಎಷ್ಟು ಸುಧಾರಿಸಿತು, ಆ ವ್ಯಕ್ತಿಗೆ ಏನು ಬೇಕಿತ್ತು ಅನ್ನುವುದನ್ನೂ ಕೇಳಲೇಬೇಕು.

ಹದಿಹರೆಯದಲ್ಲಿ ಒಂದು ಅನುಕೂಲವೂ ಇದೆ. ಪುಟ್ಟ ಮಕ್ಕಳಲ್ಲಿ ಕಷ್ಟವಾಗುವ ಅಳತೆಗಳನ್ನು ಇವರಲ್ಲಿ ಪೂರ್ತಿ ತೆಗೆಯಬಹುದು. ಒಂದು ಕಣ್ಣನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ಮುಚ್ಚಿ ಆಮೇಲೆ ಅಳೆದರೆ, ಹಿಡಿದಿಟ್ಟುಕೊಂಡಿದ್ದ ಕೋನವೆಲ್ಲ ಹೊರಬರುತ್ತದೆ. ಕೋಣೆಯ ಗೋಡೆ ಬಿಟ್ಟು ಕಿಟಕಿಯಾಚೆ ಬಹುದೂರ ನೋಡಿಸಿ ಅಳೆದರೂ ಹೆಚ್ಚು ಸಿಗುತ್ತದೆ. ಕಡಿಮೆ ಅಳತೆಗೆ ಆಪರೇಷನ್ ಮಾಡಿದರೆ ಉಳಿದದ್ದು ಉಳಿದೇ ಇರುತ್ತದೆ. ಅದಕ್ಕಾಗಿ ಬೇರೆ ಬೇರೆ ದಿನ ಎರಡು ಸಲ ಅಳೆಯುವ ಕ್ಲಿನಿಕ್ಕನ್ನು ನಿಧಾನದವರು ಅಂದುಕೊಳ್ಳಬೇಡಿ.

ಬೆಳಗಿನ_ನಡಿಗೆ:

ಇಷ್ಟೆಲ್ಲ ಕತ್ತರಿ ಯಾಕೆ? ಕಣ್ಣಿನ ವ್ಯಾಯಾಮ ಮಾಡಿ. ಪೆನ್ಸಿಲ್ ಮೂಗಿನ ತುದಿಗೆ ತಂದು ನೋಡುವುದು, ದಿನಾ ಮಾಡಿದರೆ ಸಾಕು. ನಮ್ಮ ಪರಿಚಯದವರಿಗೆ ಪೂರ್ತಿ ವಾಸಿಯಾಗಿದೆ.

ಅಳತೆಪಟ್ಟಿ:

ನಿಮ್ಮ ಪರಿಚಯದವರಿಗೆ ಗುಣವಾದದ್ದು ನಿಜವೇ ಇರಬಹುದು, ಅವರ ತೊಂದರೆ ಯಾವುದಾಗಿತ್ತು ಅನ್ನುವುದು ಮುಖ್ಯ. ಹತ್ತಿರ ನೋಡುವಾಗ ಎರಡೂ ಕಣ್ಣನ್ನು ಒಳಗೆ ತರಲು ಕಷ್ಟವಾಗುವ ಒಂದು ತೊಂದರೆ ಇದೆ, ಕನ್ವರ್ಜೆನ್ಸ್ ಕೊರತೆ ಅನ್ನುತ್ತೇವೆ. ಅದಕ್ಕೆ ವ್ಯಾಯಾಮ ಚೆನ್ನಾಗಿ ಕೆಲಸ ಮಾಡುತ್ತದೆ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 9ರಿಂದ 17 ವರ್ಷದ 221 ಮಕ್ಕಳಿದ್ದರು. 12 ವಾರ ಕ್ಲಿನಿಕ್ಕಿನಲ್ಲೇ ತರಬೇತಿ ಪಡೆದವರಲ್ಲಿ ನೂರಕ್ಕೆ 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಬರೀ ಪೆನ್ಸಿಲ್ ವ್ಯಾಯಾಮ ಮಾಡಿದವರಲ್ಲಿ 43. ಹುಸಿ ತರಬೇತಿ ಪಡೆದವರಲ್ಲೂ 35! ಪೆನ್ಸಿಲ್ ಒಂದನ್ನೇ ನಂಬಿ ಕೂರುವುದು ಎಷ್ಟು ಸರಿ ಅಂತ ನೀವೇ ನೋಡಿ.

ದೂರಕ್ಕೆ 35 ಪ್ರಿಸಂ, ದಿನವಿಡೀ ಹೊರಗೆ ನಿಂತ ಕಣ್ಣು, ಇದು ಬೇರೆಯ ಮಾತು. ವ್ಯಾಯಾಮದಿಂದ ಸ್ನಾಯು ಜಾಗ ಬದಲಿಸುವುದಿಲ್ಲ. ಸಣ್ಣ ಕೋನ, ಒಳ್ಳೆಯ ಹಿಡಿತ ಇರುವವರಿಗೆ ವ್ಯಾಯಾಮವೋ ಕನ್ನಡಕದಲ್ಲೇ ಪ್ರಿಸಂ ಹಾಕುವುದೋ ನೆರವಾಗಬಹುದು. ಮುಂಗಾರು_ಮೋಡ ಅವರ ಸ್ಥಿತಿ ಅದಲ್ಲ.

ಎರಡನೇ_ಸಲ:

ನಾನು ಎರಡು ಸಲ ಮಾಡಿಸಿಕೊಂಡವನು. ಕಾಲೇಜಿನಲ್ಲಿದ್ದಾಗ ಮೊದಲನೆಯದು. ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ಆಮೇಲೆ ವರ್ಷಗಳಲ್ಲಿ ನಿಧಾನವಾಗಿ ಮತ್ತೆ ಹೊರಗೆ ಸರಿಯಿತು. ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದಾಗಲೇ ಗೊತ್ತಾದದ್ದು. ಮೊದಲು ಕೋಪ ಬಂತು. ದುಡ್ಡು, ನೋವು, ರಜೆ ಎಲ್ಲ ವ್ಯರ್ಥ ಅನಿಸಿತು.

ಈಗ ಹಾಗೆ ಅನಿಸುವುದಿಲ್ಲ. ಆ ವರ್ಷಗಳಲ್ಲಿ ಸಂದರ್ಶನಗಳಿಗೆ ತಲೆಯೆತ್ತಿ ಹೋಗಿದ್ದೆ, ಹೊಸಬರ ಜೊತೆ ಕಣ್ಣಿಟ್ಟು ಮಾತಾಡಿದ್ದೆ. ಅವೆಲ್ಲ ಯಾರೂ ವಾಪಸು ತೆಗೆದುಕೊಳ್ಳಲಾರರು. ಎರಡನೇ ಸಲ ಮೊದಲು ಮುಟ್ಟದೇ ಇದ್ದ ಸ್ನಾಯುಗಳ ಮೇಲೆ ಮಾಡಿದರು. ಹಳೆಯ ಕಲೆಗಟ್ಟಿದ ಜಾಗ ಬಿಡಿಸುವುದು ತಪ್ಪಿದ್ದರಿಂದ ಸುಲಭವಾಯಿತು ಅಂತ ಸರ್ಜನ್ ಹೇಳಿದರು. ನನ್ನ ಸಲಹೆ ಒಂದೇ: ಮೊದಲ ಆಪರೇಷನ್ನಿನ ದಾಖಲೆ, ಯಾವ ಸ್ನಾಯು, ಎಷ್ಟು ಮಿಲಿಮೀಟರ್ ಅನ್ನುವುದು ಸಮೇತ, ಕೇಳಿ ಇಸಿದುಕೊಂಡು ಜೋಪಾನ ಮಾಡಿ. ನನ್ನದು ಸಿಗದೆ ತುಂಬ ಒದ್ದಾಡಬೇಕಾಯಿತು.

ಕಡಲಂಚು:

ದಾಖಲೆ ವಿಷಯ ಬಹಳ ಒಳ್ಳೆಯದು ಹೇಳಿದಿರಿ. ಇವತ್ತೇ ನನ್ನದು ಹುಡುಕಿಡುತ್ತೇನೆ.

ಹಳೆ_ಹೊಲಿಗೆ:

ನನ್ನ ಕತೆ ಉಲ್ಟಾ. ಮಗುವಾಗಿದ್ದಾಗ ಕಣ್ಣು ಒಳಗೆ ತಿರುಗಿತ್ತು, ಆಪರೇಷನ್ ಆಯಿತು. ನಲವತ್ತು ಸಮೀಪಿಸುವಾಗ ಅದೇ ಕಣ್ಣು ಹೊರಗೆ ಹೋಗಲು ಶುರುವಾಯಿತು. ನನ್ನಂಥವರು ಇನ್ನೂ ಇದ್ದಾರಾ? ಇದಕ್ಕೆ ಮತ್ತೆ ಮಾಡಿದರೆ ಒಳಗೆ ಹೋಗಿಬಿಡುತ್ತದಾ?

ಅಳತೆಪಟ್ಟಿ:

ಖಂಡಿತ ಇದ್ದಾರೆ. ವಯಸ್ಕರ ಕ್ಲಿನಿಕ್ಕಿನಲ್ಲಿ ಇದು ಅಪರೂಪವೇ ಅಲ್ಲ. ಈ ಶಸ್ತ್ರಚಿಕಿತ್ಸೆ ಹುಟ್ಟಿದ ಕಾಲದಿಂದಲೂ ಇದು ಜೊತೆಗೇ ಬಂದಿದೆ. ಬರ್ಲಿನ್ನಿನ ಸರ್ಜನ್ ಡೀಫೆನ್‌ಬಾಖ್ 1839ರಲ್ಲಿ ಒಳಗೆ ತಿರುಗಿದ ಕಣ್ಣಿನ ಒಳಸ್ನಾಯುವನ್ನು ಕತ್ತರಿಸಿ ಯಶಸ್ವಿಯಾದಾಗ ಎಲ್ಲೆಡೆ ಅದನ್ನೇ ಮಾಡತೊಡಗಿದರು. ಕತ್ತರಿಸಿದ ಸ್ನಾಯುವನ್ನು ಮತ್ತೆ ಹೊಲಿಯುತ್ತಿರಲಿಲ್ಲ, ಆಮೇಲೆ ಎಷ್ಟೋ ಜನರ ಕಣ್ಣು ಹೊರಗೆ ಹೋಗಿ ನಿಂತವು. ಈಗ ಅಳೆದು ಹೊಲಿಯುತ್ತಾರೆ. ಆದರೂ ದಶಕಗಳಲ್ಲಿ ಹೊಲಿದ ಜಾಗದ ಕಲೆ ಹಿಗ್ಗಿ ಒಳಸ್ನಾಯು ದುರ್ಬಲವಾಗಬಹುದು.

ನಿಮ್ಮ ಕಣ್ಣು ಮೂಗಿನ ಕಡೆಗೆ ಪೂರ್ತಿ ತಿರುಗುತ್ತದೆಯೇ ಅನ್ನುವುದು ದೊಡ್ಡ ಸುಳಿವು. ತಿರುಗಲು ಕಷ್ಟವಾದರೆ ಒಳಸ್ನಾಯು ಹಿಂದೆ ಸರಿದಿರುವ ಸಂಶಯ ಬರುತ್ತದೆ. ಆಗ ಅದನ್ನು ಹುಡುಕಿ ಮುಂದಕ್ಕೆ ತಂದು ಹೊಲಿಯುವುದು ಮುಖ್ಯ, ಬರೀ ಹೊರಸ್ನಾಯು ಸಡಿಲಿಸಿದರೆ ಸಾಲದು. ಇಂಥ ಕಡೆ ಅನೇಕರು ಆಮೇಲೆ ಬಿಗಿ ಸಡಿಲ ಮಾಡಬಹುದಾದ ಹೊಲಿಗೆ ಹಾಕುತ್ತಾರೆ. ಅಮೆರಿಕದ ಕಣ್ಣಿನ ಸರ್ಜನ್ ಆರ್ಥರ್ ಜಾಂಪೋಲ್‌ಸ್ಕಿ 1970ರ ದಶಕದಲ್ಲಿ ಅದನ್ನು ರೂಢಿಗೆ ತಂದರು. ಅರಿವಳಿಕೆ ಇಳಿದು ರೋಗಿ ಎಚ್ಚರವಾದ ಮೇಲೆ, ಅದೇ ದಿನವೋ ಮರುದಿನವೋ, ಕೂರಿಸಿ ಅಳೆದು ಗಂಟನ್ನು ಸರಿಸಿ ಕಟ್ಟುತ್ತಾರೆ. ಎಲ್ಲರಿಗೂ ಇದೇ ಮೇಲು ಅಂತ ಸಾಬೀತು ಮಾಡುವಷ್ಟು ದೊಡ್ಡ ಪ್ರಯೋಗಗಳಿಲ್ಲ. ನನ್ನ ಅನಿಸಿಕೆ ಕೇಳಿದರೆ, ಎರಡನೇ ಸಲದ, ಊಹಿಸಲು ಕಷ್ಟವಾದ ಕಣ್ಣುಗಳಿಗೆ ಇದು ಇರುವುದು ಒಳ್ಳೆಯದು.

ಒಂದೇ_ಕಿಟಕಿ:

ನನ್ನ ಬಲಗಣ್ಣಿಗೆ ಚಿಕ್ಕಂದಿನ ಪೆಟ್ಟಿನಿಂದ ದೃಷ್ಟಿ ಬಹಳ ಕಡಿಮೆ. ವಯಸ್ಸಾದಂತೆ ಹೊರಗೆ ಹೋಗಿದೆ. ಕಾಣದ ಕಣ್ಣಿಗೆ ಆಪರೇಷನ್ ಮಾಡುತ್ತಾರಾ?

ಅಳತೆಪಟ್ಟಿ:

ಮಾಡುತ್ತಾರೆ. ಕಾಣದ ಕಣ್ಣನ್ನು ಹಿಡಿದಿಡಲು ಮಿದುಳಿಗೆ ಚಿತ್ರದ ಆಸರೆ ಇಲ್ಲ, ದೊಡ್ಡವರಲ್ಲಿ ಅದು ಹೊರಗೆ ಹೋಗುವುದು ಇದೇ ಕಾರಣಕ್ಕೆ. ಹಾಗಾಗಿ ಆಪರೇಷನ್ ಆದ ಮೇಲೂ ಮತ್ತೆ ಸರಿಯುವ ಸಾಧ್ಯತೆ ಬೇರೆಯವರಿಗಿಂತ ನಿಮ್ಮಲ್ಲಿ ಹೆಚ್ಚು, ಇದನ್ನು ಮುಚ್ಚಿಡುವುದಿಲ್ಲ. ಸಾಮಾನ್ಯವಾಗಿ ಚೆನ್ನಾಗಿ ಕಾಣುವ ಕಣ್ಣನ್ನು ಮುಟ್ಟದೆ, ದೃಷ್ಟಿ ಕಡಿಮೆಯಿರುವ ಕಣ್ಣಿನಲ್ಲೇ ಎರಡೂ ಸ್ನಾಯುಗಳ ಕೆಲಸ ಮಾಡುತ್ತಾರೆ. ದೃಷ್ಟಿ ಇದರಿಂದ ಹೆಚ್ಚುವುದಿಲ್ಲ. ಮುಖ ನೆಟ್ಟಗೆ ಕಾಣುತ್ತದೆ, ಎದುರಿನವರಿಗೆ ನೀವು ಯಾರನ್ನು ನೋಡುತ್ತಿದ್ದೀರಿ ಅಂತ ತಿಳಿಯುತ್ತದೆ.

ಮುಂಗಾರು_ಮೋಡ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಳತೆಪಟ್ಟಿ ಸರ್, ಇನ್ನೊಂದು ಭಯ ಉಳಿದಿದೆ. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿವೆ. ಆಪರೇಷನ್ನಿನಿಂದ ದೃಷ್ಟಿಯೇ ಹೋಗುವ ಅಪಾಯ ಎಷ್ಟು?

ಅಳತೆಪಟ್ಟಿ:

ಬ್ರಿಟನ್ನಿನಲ್ಲಿ ಎರಡು ವರ್ಷ ದೇಶದಾದ್ಯಂತ ಮೆಳ್ಳೆಗಣ್ಣಿನ ಆಪರೇಷನ್ನುಗಳ ಗಂಭೀರ ತೊಡಕುಗಳನ್ನು ಲೆಕ್ಕ ಇಟ್ಟರು, 2013ರಲ್ಲಿ ಪ್ರಕಟವಾಯಿತು. ಗಂಭೀರ ತೊಡಕು ಸುಮಾರು 400 ಆಪರೇಷನ್ನಿಗೆ ಒಂದು. ಸೂಜಿ ಕಣ್ಣುಗುಡ್ಡೆಯ ಗೋಡೆ ದಾಟುವುದು, ಹೊಲಿದ ಸ್ನಾಯು ಜಾರುವುದು, ತೀವ್ರ ಸೋಂಕು, ಇವು ಅದರಲ್ಲಿ ಮುಖ್ಯವಾದವು. ಅಂಥ ತೊಡಕಾದರೂ ಹೆಚ್ಚಿನವು ಸರಿಹೋದವು. ಕೊನೆಗೂ ಕೆಟ್ಟ ಫಲಿತಾಂಶ ಉಳಿದದ್ದು ಸುಮಾರು 2,400ಕ್ಕೆ ಒಂದು. ಸೊನ್ನೆ ಅಲ್ಲ, ಆದರೆ ತೀರಾ ಕಡಿಮೆ.

ಮನೆಗೆ ಬಂದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ರೆಪ್ಪೆ ಊದಿಕೊಂಡರೆ, ದೃಷ್ಟಿ ಮಂಜಾದರೆ, ಕಣ್ಣು ಒಂದು ಕಡೆಗೆ ತಿರುಗುವುದೇ ನಿಂತರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಹೋಗಿ. ವಯಸ್ಸಾದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಒಂದೇ ಕಣ್ಣಿನ ಮೂರು ನಾಲ್ಕು ನೇರ ಸ್ನಾಯುಗಳನ್ನು ಒಟ್ಟಿಗೆ ಬಿಡಿಸಿದರೆ ಕಣ್ಣಿನ ಮುಂಭಾಗಕ್ಕೆ ಹೋಗುವ ರಕ್ತ ಕಡಿಮೆಯಾಗಬಹುದು, ರಕ್ತನಾಳದ ತೊಂದರೆ ಇರುವವರು ಅದನ್ನು ಸರ್ಜನ್ನರಿಗೆ ಹೇಳಲೇಬೇಕು.

ಮಧ್ಯಾಹ್ನದ_ನೆರಳು:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆಗೆ ನಿನ್ನೆಯಿಂದ ಒಂದು ಕಣ್ಣು ಹೊರಗೆ ಹೋಗಿದೆ, ರೆಪ್ಪೆಯೂ ಇಳಿಬಿದ್ದಿದೆ. ಮೊದಲು ಎಂದೂ ಹೀಗಿರಲಿಲ್ಲ. ಇದಕ್ಕೂ ಇದೇ ಆಪರೇಷನ್ನಾ?

ಅಳತೆಪಟ್ಟಿ:

ಅಲ್ಲ! ದಯವಿಟ್ಟು ಇದನ್ನು ಓದಿದ ತಕ್ಷಣ ಅವರನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಹಠಾತ್ತಾಗಿ ಕಣ್ಣು ಹೊರಗೆ ಹೋಗಿ ರೆಪ್ಪೆ ಇಳಿದರೆ ಮೂರನೇ ಮಿದುಳು ನರಕ್ಕೆ ಪೆಟ್ಟಾಗಿರಬಹುದು. ಪಾಪೆ ದೊಡ್ಡದಾಗಿದ್ದರೆ, ತಲೆನೋವಿದ್ದರೆ ಮಿದುಳಿನ ರಕ್ತನಾಳ ಉಬ್ಬಿರುವ ಸಾಧ್ಯತೆಯನ್ನೂ ನೋಡಬೇಕು. ಈ ಚರ್ಚೆಯಲ್ಲಿ ಬರೆದ ಯಾವುದೂ ಅವರಿಗೆ ಅನ್ವಯಿಸುವುದಿಲ್ಲ. ಹೊರಡಿ.

ಮಧ್ಯಾಹ್ನದ_ನೆರಳು:

ಹೊರಟೆವು.

ಎರಡನೇ_ಸಲ:

ಅವರಿಗೆ ಒಳ್ಳೆಯದಾಗಲಿ.

ಮುಂಗಾರು_ಮೋಡ ಅವರ ಮನೆಯವರು ಹೇಳಿದ "ಬರೀ ಚಂದಕ್ಕೆ" ಅನ್ನುವ ಮಾತಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಕಣ್ಣು ಕಣ್ಣಿಟ್ಟು ಮಾತಾಡುವುದು ಚಂದದ ವಿಷಯವೇ? ಎದುರಿನವನು ತನ್ನ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದಾಗ ಆಗುವ ಅವಮಾನ, ಕೆಲಸ ಕೊಡುವವನು "ಇವನ ಗಮನ ಇಲ್ಲಿಲ್ಲ" ಅಂದುಕೊಳ್ಳುವುದು, ಇವಕ್ಕೆ ಚಂದ ಅನ್ನುವ ಹೆಸರು ಸಲ್ಲದು. ಹುಟ್ಟಿದಾಗ ಇದ್ದ ಸಾಮಾನ್ಯ ಸ್ಥಿತಿಗೆ ಕಣ್ಣನ್ನು ತರುವುದು ಚಿಕಿತ್ಸೆ, ಅಲಂಕಾರವಲ್ಲ.

ಅಳತೆಪಟ್ಟಿ:

ಪೂರ್ತಿ ಒಪ್ಪುತ್ತೇನೆ. ಇದನ್ನು ಅಳೆಯುವ ಪ್ರಶ್ನಾವಳಿಯೇ ಇದೆ. ವಯಸ್ಕರಿಗಾಗಿ 2009ರಲ್ಲಿ ರೂಪಿಸಿದ 20 ಪ್ರಶ್ನೆಗಳದ್ದು, ಅರ್ಧ ನೋಡುವ ಕೆಲಸದ ಬಗ್ಗೆ, ಅರ್ಧ ಮನಸ್ಸು ಮತ್ತು ಜನರ ಜೊತೆಗಿನ ಒಡನಾಟದ ಬಗ್ಗೆ. ಎರಡು ಚಿತ್ರದ ತೊಂದರೆಯೇ ಇಲ್ಲದವರಲ್ಲೂ ಎರಡನೇ ಅರ್ಧದ ಅಂಕ ಬಹಳ ಕೆಳಗಿರುತ್ತದೆ, ಆಪರೇಷನ್ ಆದ ಮೇಲೆ ಏರುತ್ತದೆ.

ನೋಟಕ್ಕೂ ಲಾಭವಿದೆ. ದೊಡ್ಡವರಾದ ಮೇಲೆ ಎರಡೂ ಕಣ್ಣು ಜೊತೆಯಾಗಿ ಕೆಲಸ ಮಾಡುವುದು ಅಸಾಧ್ಯ ಅಂತ ಹಿಂದೆ ಹೇಳುತ್ತಿದ್ದರು. ಅದು ನಿಜವಲ್ಲ ಅಂತ ಕಂಡುಬಂದಿದೆ. ಬಹುಕಾಲದ ಮೆಳ್ಳೆಗಣ್ಣಿನ ವಯಸ್ಕರಲ್ಲೂ ನೆಟ್ಟಗಾದ ಮೇಲೆ ಸ್ವಲ್ಪ ಮಟ್ಟಿನ ಜೋಡಿನೋಟ ಬಂದವರು ಬಹಳ ಮಂದಿ. ಮುಂಗಾರು_ಮೋಡ ಅವರದು ಬಿಟ್ಟುಬಿಟ್ಟು ಹೋಗುತ್ತಿದ್ದ ಕಣ್ಣು, ಜೋಡಿನೋಟ ಮೊದಲೇ ಬೆಳೆದಿರುವ ಸಂಭವ ಹೆಚ್ಚು. ಆದರೆ ಸೋಮಾರಿ ಕಣ್ಣು ಇದರಿಂದ ಚುರುಕಾಗುವುದಿಲ್ಲ, ಕನ್ನಡಕವೂ ತಪ್ಪುವುದಿಲ್ಲ. ಆ ಆಸೆ ಇಟ್ಟುಕೊಂಡು ಹೋದವರೇ ಆಮೇಲೆ ಬೇಜಾರಾಗುವುದು.

ಹದಿನೈದರ_ಅಮ್ಮ:

ನನ್ನ ಮಗ ಪಕ್ಕದಲ್ಲಿ ಕೂತು ಎಲ್ಲ ಓದಿದ. ಅವನೇ ಕೇಳುತ್ತಿದ್ದಾನೆ, ಅವನ ಮಾತಿನಲ್ಲೇ ಟೈಪ್ ಮಾಡುತ್ತೇನೆ: "ಅಂಕಲ್, ಆಪರೇಷನ್ ಮಾಡಿಸಿದರೆ ಸ್ಕೂಲಿಗೆ ಯಾವಾಗ ಹೋಗಬಹುದು? ನಾನು ಈಜುತ್ತೇನೆ, ಅದು ನಿಲ್ಲಿಸಬೇಕಾ? ಅಲ್ಲಿ ಎಚ್ಚರ ಇರ್ತೀನಾ?"

ಅಳತೆಪಟ್ಟಿ:

ಎಚ್ಚರ ಇರುವುದಿಲ್ಲ ಪುಟ್ಟ, ನಿನ್ನ ವಯಸ್ಸಿನವರಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಎದ್ದ ಮೇಲೆ ವಾಂತಿ ಬಂದಂತೆ ಆಗಬಹುದು, ಈ ಆಪರೇಷನ್ನಿನಲ್ಲಿ ಅದು ಸ್ವಲ್ಪ ಹೆಚ್ಚು. ಮೊದಲೇ ಹೇಳಿದರೆ ಔಷಧ ಕೊಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ.

ಸ್ಕೂಲಿಗೆ ಸುಮಾರು ಒಂದು ವಾರ ಬಿಟ್ಟು ಹೋಗಬಹುದು. ಕಣ್ಣು ಇನ್ನೂ ಕೆಂಪಿರುತ್ತದೆ, ಯಾರಾದರೂ ಕೇಳಿದರೆ ನಿಜ ಹೇಳು. ಓದುವುದು, ಮೊಬೈಲ್ ನೋಡುವುದರಿಂದ ಹೊಲಿಗೆ ಬಿಚ್ಚುವುದಿಲ್ಲ, ಕಣ್ಣು ಸುಸ್ತಾದರೆ ನಿಲ್ಲಿಸು. ಹೊಲಿಗೆ ತಾನಾಗಿ ಕರಗುತ್ತದೆ, ತೆಗೆಯಲು ಹೋಗಬೇಕಿಲ್ಲ. ಕಣ್ಣು ಉಜ್ಜಬೇಡ, ಹನಿ ಔಷಧ ತಪ್ಪಿಸಬೇಡ. ಈಜು ಮಾತ್ರ ಎರಡರಿಂದ ನಾಲ್ಕು ವಾರ ಬೇಡ, ನಿನ್ನ ಡಾಕ್ಟರು ನೋಡಿ ಸರಿ ಅಂದ ಮೇಲೆ ಶುರು ಮಾಡು. ಚೆಂಡು ಮುಖಕ್ಕೆ ಬೀಳುವ ಆಟಗಳಿಗೂ ಅದೇ. ಎರಡೆರಡು ಕಾಣುತ್ತಿರುವಷ್ಟು ದಿನ ಸೈಕಲ್ ಮುಟ್ಟಬೇಡ.

ಇನ್ನೊಂದು: ಮಾಡಿಸಬೇಕೋ ಬೇಡವೋ ಅಂತ ಡಾಕ್ಟರು ಅಮ್ಮನನ್ನು ಕೇಳುವಾಗ ನೀನೂ ಒಳಗೆ ಕೂತಿರು, ನಿನಗೆ ಏನು ಬೇಕು ಅಂತ ನೀನೇ ಹೇಳು. ಮುಂದಿನ ಭೇಟಿಯಲ್ಲಿ ಒಂದು ಗಂಟೆ ಕಣ್ಣು ಮುಚ್ಚಿ ಅಳೆಯಿರಿ ಅಂತಲೂ ನೆನಪಿನಿಂದ ಕೇಳು.